ಬಿದ್ದವನೊಬ್ಬ, ಬೆಂದವನೊಬ್ಬ

ಗ್ಲಾಸ್ಗೋ ನಗರದ ರೇಂಜರ್ಸ್ ಫುಟ್‌ಬಾಲ್ ಕ್ಲಬ್ಬಿನ ಒಂದು ದಾಖಲೆಯನ್ನು ತೊಂಬತ್ತು ವರ್ಷ ದಾಟಿದರೂ ಯಾರಿಗೂ ಅಳಿಸಲಾಗಿಲ್ಲ. 1931–32ರ ಲೀಗ್ ಪಂದ್ಯಗಳಲ್ಲಿ ಸ್ಯಾಮ್ ಇಂಗ್ಲಿಷ್ ಎಂಬ ಫಾರ್ವರ್ಡ್ ಆಟಗಾರ 44 ಗೋಲು ಹೊಡೆದ. ಒಂದೇ ಋತುವಿನಲ್ಲಿ ಇಷ್ಟು ಲೀಗ್ ಗೋಲು ಆ ಕ್ಲಬ್ಬಿನ ಬೇರಾರಿಗೂ ದಕ್ಕಿಲ್ಲ. ಆದರೂ ಇಂಗ್ಲಿಷ್‌ನ ಹೆಸರು ಹೇಳಿದರೆ ಅಲ್ಲಿಯ ಜನರಿಗೆ ಮೊದಲು ನೆನಪಾಗುವುದು ಆ ಗೋಲುಗಳಲ್ಲ, ಅದೇ ಋತುವಿನ ಆರಂಭದಲ್ಲಿ ಅವನ ಮೊಣಕಾಲು ತಲೆಗೆ ಬಡಿದು ತೀರಿಕೊಂಡ ಎದುರು ತಂಡದ ಗೋಲ್‌ಕೀಪರ್.

ಆ ಗೋಲ್‌ಕೀಪರನ ಹೆಸರು ಜಾನ್ ಥಾಮ್ಸನ್. ತಂಡ ಸೆಲ್ಟಿಕ್. ವಯಸ್ಸು 22.

ಸ್ಕಾಟ್ಲೆಂಡಿನ ಈ ಹಳೆಯ ಕಥೆಯನ್ನು ಕನ್ನಡದಲ್ಲಿ ಹೇಳುವುದಕ್ಕೆ ಕಾರಣವಿದೆ. ಅಂಥದೇ ಒಂದು ಡಿಕ್ಕಿ 73 ವರ್ಷಗಳ ನಂತರ ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಅಲ್ಲಿ ಗೋಲ್‌ಕೀಪರ್ ಉಳಿದರು, ಫಾರ್ವರ್ಡ್ ಆಟಗಾರ ತೀರಿಕೊಂಡರು. ಎರಡೂ ಕಡೆ ಜನ ಮೊದಲು ಕೇಳಿದ ಪ್ರಶ್ನೆ ‘ತಪ್ಪು ಯಾರದು’ ಎಂಬುದೇ. ‘ಬಿದ್ದವನನ್ನು ಉಳಿಸಿಕೊಳ್ಳಲು ಮೈದಾನದಲ್ಲಿ ಏನಿತ್ತು’ ಎಂದು ಕೇಳುವ ಹೊತ್ತಿಗೆ ತಡವಾಗಿತ್ತು.

ಗಣಿಯಿಂದ ಗೋಲಿಗೆ

ಥಾಮ್ಸನ್ ಹುಟ್ಟಿದ್ದು 1909ರ ಜನವರಿ 28ರಂದು, ಸ್ಕಾಟ್ಲೆಂಡಿನ ಫೈಫ್ ಸೀಮೆಯ ಕರ್ಕಾಲ್ಡಿಯಲ್ಲಿ. ಬೆಳೆದದ್ದು ಕಾರ್ಡೆಂಡನ್ ಎಂಬ ಗಣಿ ಊರಿನಲ್ಲಿ. ಅಪ್ಪ ಕಲ್ಲಿದ್ದಲು ಗಣಿಯ ಕೆಲಸಗಾರ. ಆ ಊರಿನ ಹುಡುಗರಿಗೆ ಶಾಲೆ ಮುಗಿಯಿತೆಂದರೆ ಮುಂದಿನ ದಾರಿ ಗೊತ್ತಿದ್ದದ್ದೇ. ಥಾಮ್ಸನ್ ಕೂಡ 14ನೇ ವಯಸ್ಸಿಗೆ ಬೌಹಿಲ್ ಗಣಿಗೆ ಇಳಿದ. ನೆಲದಿಂದ 300 ಗಜ ಆಳದಲ್ಲಿ, ಕಲ್ಲಿದ್ದಲು ತುಂಬಿದ ಬಂಡಿಗಳ ಸರಪಳಿಯ ಕೊಂಡಿ ಬಿಚ್ಚುವುದು ಅವನ ಕೆಲಸ. ಕತ್ತಲಲ್ಲಿ ಉರುಳಿ ಬರುವ ಬಂಡಿಯ ಮುಂದೆ ಬಾಗಿ, ಕೈ ಹಾಕಿ, ಕ್ಷಣದಲ್ಲಿ ಕೈ ಹಿಂದೆಗೆಯಬೇಕು.

ಬಿಡುವಿನಲ್ಲಿ ಚೆಂಡು. ಬೌಹಿಲ್ ರೋವರ್ಸ್, ಆಮೇಲೆ ವೆಲ್ಲೆಸ್ಲಿ ಜೂನಿಯರ್ಸ್ ಎಂಬ ಸ್ಥಳೀಯ ತಂಡಗಳಲ್ಲಿ ಗೋಲು ಕಾದ. 1926ರಲ್ಲಿ ಸೆಲ್ಟಿಕ್ ಕ್ಲಬ್ಬಿನ ಆಟಗಾರರನ್ನು ಆರಿಸುವವನೊಬ್ಬ ಅತ್ತ ಬಂದ. ಅವನು ನೋಡಲು ಬಂದದ್ದು ಎದುರು ತಂಡದ ಗೋಲ್‌ಕೀಪರನನ್ನು. ಪಂದ್ಯ ಮುಗಿಯುವಷ್ಟರಲ್ಲಿ ಅವನ ಕಣ್ಣು ಈಚೆ ಬದಿಯ ಹುಡುಗನ ಮೇಲೆ ನೆಟ್ಟಿತ್ತು. ಬರೀ 10 ಪೌಂಡಿಗೆ ಒಪ್ಪಂದವಾಯಿತು. ಹುಡುಗನಿಗೆ ಆಗ 17 ವರ್ಷ.

1927ರ ಫೆಬ್ರವರಿಯಲ್ಲಿ ಡಂಡೀ ತಂಡದ ವಿರುದ್ಧ ಮೊದಲ ಪಂದ್ಯ ಆಡಿದ ಥಾಮ್ಸನ್ ಮತ್ತೆ ಆ ಜಾಗ ಬಿಟ್ಟುಕೊಡಲಿಲ್ಲ. ಅದೇ ವರ್ಷ ಸೆಲ್ಟಿಕ್ ಸ್ಕಾಟಿಷ್ ಕಪ್ ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಥಾಮ್ಸನ್‌ನದೇ ಸೀಮೆಯ ಈಸ್ಟ್ ಫೈಫ್ ತಂಡ. 1931ರಲ್ಲಿ ಮದರ್‌ವೆಲ್ ವಿರುದ್ಧ ಫೈನಲ್ 2–2ರಲ್ಲಿ ನಿಂತು, ಮರುಪಂದ್ಯದಲ್ಲಿ 4–2ರಿಂದ ಗೆದ್ದು ಕಪ್ ಮತ್ತೆ ಬಂತು. ಸ್ಕಾಟ್ಲೆಂಡ್ ದೇಶದ ಪರ ಅವನು ಆಡಿದ್ದು 4 ಪಂದ್ಯ. ಅದರಲ್ಲೊಂದು 1931ರ ಮಾರ್ಚ್‌ನಲ್ಲಿ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಒಂದೂಕಾಲು ಲಕ್ಷಕ್ಕೂ ಹೆಚ್ಚು ಜನರ ಮುಂದೆ ನಡೆದ ಇಂಗ್ಲೆಂಡ್ ವಿರುದ್ಧದ ಪಂದ್ಯ. ಸ್ಕಾಟ್ಲೆಂಡ್ 2–0ರಿಂದ ಗೆದ್ದಿತು.

ಥಾಮ್ಸನ್ ಆಜಾನುಬಾಹುವಲ್ಲ. ಅವನ ಬಲವಿದ್ದದ್ದು ಚುರುಕಿನಲ್ಲಿ. ನೆಗೆತದ ಅಂದಾಜು ತಪ್ಪುತ್ತಿರಲಿಲ್ಲ, ಹಿಡಿದ ಚೆಂಡು ಜಾರುತ್ತಿರಲಿಲ್ಲ. ಇದಕ್ಕಿಂತ ಮುಖ್ಯವಾದದ್ದು ಅವನ ಧೈರ್ಯ. ಫಾರ್ವರ್ಡ್ ಒಬ್ಬ ಒಂಟಿಯಾಗಿ ನುಗ್ಗಿ ಬಂದರೆ ಗೋಲುಗೆರೆಯಲ್ಲಿ ಕಾಯುತ್ತ ನಿಲ್ಲದೆ ಮುಂದೆ ಓಡಿ, ಎದುರಾಳಿಯ ಕಾಲ ಬುಡಕ್ಕೇ ತಲೆಮುಂದಾಗಿ ಬೀಳುತ್ತಿದ್ದ. ಗೋಲ್‌ಕೀಪರ್ ಮುಂದೆ ಬಂದಷ್ಟೂ ಹೊಡೆಯುವವನಿಗೆ ಕಾಣುವ ಗೋಲು ಕಿರಿದಾಗುತ್ತದೆ. ಇದು ಎಲ್ಲ ಗೋಲ್‌ಕೀಪರುಗಳಿಗೂ ಕಲಿಸುವ ಪಾಠ. ಆದರೆ ಆ ಕಾಲದಲ್ಲಿ ಆ ಪಾಠಕ್ಕೆ ಬೆಲೆ ತೆರಬೇಕಿತ್ತು. ಚೆಂಡು ಹಿಡಿದ ಗೋಲ್‌ಕೀಪರನಿಗೆ ಭುಜ ಕೊಟ್ಟು ಗುದ್ದುವುದು ಆಟದ ಭಾಗವಾಗಿತ್ತು. ತಲೆಗೆ ರಕ್ಷಣೆ ಇರಲಿಲ್ಲ. ಗಾಯವಾದರೆ ಬದಲಿ ಆಟಗಾರನೂ ಇರಲಿಲ್ಲ.

ಆ ಬೆಲೆಯ ಮೊದಲ ಕಂತು 1930ರ ಫೆಬ್ರವರಿಯಲ್ಲೇ ಬಂತು. ಏರ್‌ಡ್ರೀ ತಂಡದ ವಿರುದ್ಧ ಹಾಗೆಯೇ ಕಾಲ ಬುಡಕ್ಕೆ ಬಿದ್ದಾಗ ದವಡೆ ಮುರಿಯಿತು, ಪಕ್ಕೆಲುಬು ಮುರಿಯಿತು, ಕೊರಳೆಲುಬಿಗೆ ಪೆಟ್ಟಾಯಿತು, ಎರಡು ಹಲ್ಲು ಉದುರಿದವು. ಇನ್ನು ಆಟ ಸಾಕು ಎಂದು ತಾಯಿ ಹೇಳಿದಳು. ಗಣಿಗಿಂತ ಆಟದ ಮೈದಾನ ವಾಸಿ ಎಂದು ನಂಬಿದ್ದ ಊರು ಅದು. ಮಗ ಗುಣವಾಗಿ ಮತ್ತೆ ಗೋಲಿಗೆ ಹೋಗಿ ನಿಂತ.

ಐಬ್ರಾಕ್ಸ್‌ನ ಶನಿವಾರ

1931ರ ಸೆಪ್ಟೆಂಬರ್ 5, ಶನಿವಾರ. ರೇಂಜರ್ಸ್ ತವರಾದ ಐಬ್ರಾಕ್ಸ್ ಮೈದಾನ. ಸುಮಾರು 80,000 ಜನ. ರೇಂಜರ್ಸ್ ಮತ್ತು ಸೆಲ್ಟಿಕ್ ನಡುವಿನ ಹಗೆ ಆಟದ ಹಗೆ ಮಾತ್ರವಲ್ಲ, ಅದರಲ್ಲಿ ಮತದ ಬಿಸಿಯೂ ಇದೆ. ರೇಂಜರ್ಸ್ ಪ್ರೊಟೆಸ್ಟೆಂಟರ ತಂಡ, ಸೆಲ್ಟಿಕ್ ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕರ ತಂಡ ಎಂಬ ಭಾವನೆ ಗಟ್ಟಿಯಾಗಿ ಬೇರೂರಿತ್ತು. ಥಾಮ್ಸನ್ ಸ್ವತಃ ಪ್ರೊಟೆಸ್ಟೆಂಟ್ ಮನೆಯ ಹುಡುಗ, ಕಾದದ್ದು ಸೆಲ್ಟಿಕ್ ಗೋಲನ್ನು.

ವಿರಾಮದ ನಂತರ ಐದು ನಿಮಿಷ ಕಳೆದಿರಬಹುದು. ಇಂಗ್ಲಿಷ್ ಚೆಂಡಿನೊಂದಿಗೆ ಒಂಟಿಯಾಗಿ ನುಗ್ಗಿದ. ಅವನು ಹೊಡೆಯಲು ಕಾಲೆತ್ತುವುದಕ್ಕೂ ಥಾಮ್ಸನ್ ಚೆಂಡಿನ ಮೇಲೆ ಬೀಳುವುದಕ್ಕೂ ಸರಿಹೋಯಿತು. ಚೆಂಡು ಗೋಲಿನ ಹೊರಗೆ ಹೋಯಿತು. ಥಾಮ್ಸನ್‌ನ ತಲೆ ಇಂಗ್ಲಿಷ್‌ನ ಮೊಣಕಾಲಿಗೆ ಬಡಿಯಿತು. ಇಬ್ಬರೂ ಬಿದ್ದರು. ಮೊದಲು ಎದ್ದವನು ಇಂಗ್ಲಿಷ್. ಕುಂಟುತ್ತಲೇ ಹತ್ತಿರ ಬಂದು ನೋಡಿ, ಕೈಬೀಸಿ ನೆರವಿಗೆ ಕರೆದವನೂ ಅವನೇ.

ಗೋಲಿನ ಹಿಂದಿದ್ದ ರೇಂಜರ್ಸ್ ಅಭಿಮಾನಿಗಳಿಗೆ ಏನಾಗಿದೆ ಎಂದು ತಿಳಿದಿರಲಿಲ್ಲ. ಕೇಕೆ ಹಾಕಿದರು. ರೇಂಜರ್ಸ್ ನಾಯಕ ಡೇವಿಡ್ ಮೈಕಲ್‌ಜಾನ್ ತನ್ನದೇ ಜನರ ಮುಂದೆ ಹೋಗಿ ಎರಡೂ ಕೈ ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದ. ಗದ್ದಲ ಅಡಗಿತು. ಥಾಮ್ಸನ್‌ನನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು. ಬದಲಿ ಗೋಲ್‌ಕೀಪರ್ ಇರದ ಕಾರಣ ಚಿಕ್ ಗೀಟನ್ಸ್ ಎಂಬ ಮೈದಾನದ ಆಟಗಾರ ಗೋಲಿಗೆ ನಿಂತ. ಪಂದ್ಯ 0–0ರಲ್ಲಿ ಮುಗಿಯಿತು.

ಸೆಲ್ಟಿಕ್ ವೈದ್ಯ ವಿಲಿಯಂ ಕಿವ್ಲಿಚನ್ ಪರೀಕ್ಷಿಸಿದಾಗ ತಲೆಯ ಬಲಭಾಗದಲ್ಲಿ ಸುಮಾರು 2 ಇಂಚು ಅಗಲದ ತಗ್ಗು ಬಿದ್ದಿತ್ತು. ಬುರುಡೆಯ ಮೂಳೆ ಮುರಿದು ಒಳಕ್ಕೆ ಕುಸಿದಿತ್ತು. ಹೀಗಾದಾಗ ಒಳಗೆ ರಕ್ತನಾಳ ಹರಿದು, ರಕ್ತ ಕೂಡಿ, ಮಿದುಳಿನ ಮೇಲೆ ಒತ್ತಡ ಏರುತ್ತ ಹೋಗುತ್ತದೆ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಆ ಒತ್ತಡ ಇಳಿಸಲು ಶಸ್ತ್ರಚಿಕಿತ್ಸೆ ಮಾಡಿದರು. ಫೈಫ್‌ನಿಂದ ತಂದೆತಾಯಿ ಬಂದು ಮುಟ್ಟಿದರು. ರಾತ್ರಿ 9.25ಕ್ಕೆ ಥಾಮ್ಸನ್ ತೀರಿಕೊಂಡ.

ಅಂತ್ಯಕ್ರಿಯೆಗೆ ಕಾರ್ಡೆಂಡನ್‌ನಲ್ಲಿ ಸೇರಿದವರು ಸುಮಾರು 30,000 ಮಂದಿ. ಅದು ಜಗತ್ತಿನಲ್ಲೆಲ್ಲ ಕೆಲಸ ಸಿಗದ ಕಾಲ. ರೈಲಿಗೆ ಕಾಸಿಲ್ಲದವರು ಗ್ಲಾಸ್ಗೋದಿಂದ 55 ಮೈಲಿ ನಡೆದೇ ಬಂದರು. ನಮ್ಮ ಲೆಕ್ಕದಲ್ಲಿ ಆಳಂದದಿಂದ ಕಲಬುರಗಿಗೆ ನಡೆದು, ಮತ್ತೆ ನಡೆದೇ ವಾಪಸು ಬಂದಷ್ಟು ದಾರಿ.

ಉಳಿದವನ ಪಾಡು

ತನಿಖೆ ನಡೆಯಿತು. ಅದು ಆಕಸ್ಮಿಕ ಎಂದೇ ತೀರ್ಮಾನವಾಯಿತು. ಥಾಮ್ಸನ್ ಮನೆಯವರೇ ಇಂಗ್ಲಿಷ್‌ನದು ತಪ್ಪಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಆದರೆ ಸೆಲ್ಟಿಕ್ ಮ್ಯಾನೇಜರ್ ವಿಲ್ಲಿ ಮೇಲಿ ತನಿಖೆಯಲ್ಲಿ ಆಡಿದ ಮಾತು ಬೇರೆಯೇ ಧಾಟಿಯದು. ಅದು ಆಕಸ್ಮಿಕವೇ ಎಂದು ಕೇಳಿದ್ದಕ್ಕೆ, ಆಕಸ್ಮಿಕವಾಗಿರಲಿ ಎಂದು ಆಶಿಸುತ್ತೇನೆ ಎಂಬ ಅರ್ಥದ ಉತ್ತರ ಕೊಟ್ಟರು. ಆ ಅರೆಮನಸ್ಸಿನ ಮಾತು ಸಾಕಾಯಿತು. ಇಂಗ್ಲಿಷ್ ಹೋದ ಮೈದಾನಗಳಲ್ಲೆಲ್ಲ ಛೀಮಾರಿ. 23 ವರ್ಷದ ಅವನು ಅದೇ ಋತುವಿನಲ್ಲಿ 44 ಗೋಲು ಹೊಡೆದ. ಗೋಲುಗಳು ಬರುತ್ತಲೇ ಇದ್ದವು, ಬೈಗುಳ ನಿಲ್ಲಲಿಲ್ಲ.

1933ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಸೇರಿದ. ಅಲ್ಲಿಯೂ ಆ ಶನಿವಾರ ಅವನ ಬೆನ್ನು ಬಿಡಲಿಲ್ಲ. ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದು 1938ರಲ್ಲಿ ಆಟವನ್ನೇ ಬಿಟ್ಟ. ಆ ಡಿಕ್ಕಿಯ ನಂತರ ಆಡಿದ ಏಳು ವರ್ಷಗಳಲ್ಲಿ ಆಟದ ಖುಷಿಯೆಂಬುದೇ ಇರಲಿಲ್ಲ ಎಂದು ಮುಂದೆ ಹೇಳಿಕೊಂಡ. 1967ರಲ್ಲಿ ತೀರಿಕೊಂಡ.

ಥಾಮ್ಸನ್ ಕುರಿತು ಹಾಡುಗಳಿವೆ, ಊರಲ್ಲಿ ಸಮಾಧಿಯಿದೆ, ಮಕ್ಕಳ ಪಂದ್ಯಾವಳಿಯಿದೆ. 2008ರಲ್ಲಿ ಅವನನ್ನು ಸ್ಕಾಟಿಷ್ ಫುಟ್‌ಬಾಲ್‌ನ ಗೌರವ ಪಟ್ಟಿಗೆ ಸೇರಿಸಿದರು. ಇವೆಲ್ಲ ಸಲ್ಲಬೇಕಾದ ಗೌರವವೇ. ಬದುಕಿದ್ದೂ ದಿನದಿನ ಬೆಂದವನಿಗೆ ಮಾತ್ರ ಅಂಥ ಸಮಾಧಾನ ಸಿಗಲಿಲ್ಲ.

ಜೀವ ತೆತ್ತು ಬಂದ ನಿಯಮ

ಥಾಮ್ಸನ್ ಸತ್ತ ಕೂಡಲೇ ಆಟ ಬದಲಾಗಲಿಲ್ಲ. ಇನ್ನೊಂದು ಜೀವ ಹೋಗಬೇಕಾಯಿತು. 1936ರ ಫೆಬ್ರವರಿ 1ರಂದು ಇಂಗ್ಲೆಂಡಿನ ಸಂಡರ್ಲೆಂಡ್ ತಂಡದ ಗೋಲ್‌ಕೀಪರ್ ಜಿಮ್ಮಿ ಥಾರ್ಪ್ ಚೆಂಡನ್ನು ಅಪ್ಪಿಕೊಂಡು ನೆಲಕ್ಕೆ ಬಿದ್ದಿದ್ದಾಗ ಚೆಲ್ಸಿ ಆಟಗಾರರ ಒದೆತಗಳು ತಲೆಗೆ, ಎದೆಗೆ ಬಿದ್ದವು. ಥಾರ್ಪ್ ಪಂದ್ಯ ಮುಗಿಸಿಯೇ ಮನೆಗೆ ಹೋದ. ಮಧುಮೇಹವೂ ಇದ್ದ ಆತ ನಾಲ್ಕನೇ ದಿನ ತೀರಿಕೊಂಡ. ಅವನಿಗೂ 22 ವರ್ಷ. ಆ ಋತುವಿನಲ್ಲಿ ಸಂಡರ್ಲೆಂಡ್ ಲೀಗ್ ಗೆದ್ದಾಗ ಪದಕವನ್ನು ಅವನ ಹೆಂಡತಿಗೆ ಕೊಟ್ಟರು. ಚೆಂಡು ಗೋಲ್‌ಕೀಪರನ ಕೈಯಲ್ಲಿರುವಾಗ ಅದಕ್ಕೆ ಕಾಲೆತ್ತಬಾರದು ಎಂಬ ನಿಯಮ ಬಂದದ್ದು ಆಮೇಲೆ. ಇಂದು ಟಿವಿಯಲ್ಲಿ ಪಂದ್ಯ ನೋಡುವಾಗ ಗೋಲ್‌ಕೀಪರನಿಗೆ ಸ್ವಲ್ಪ ತಾಗಿದರೂ ರೆಫ್ರಿ ಸೀಟಿ ಊದುತ್ತಾನೆ, ಇದೇನು ಅತಿಯಾಯಿತು ಎಂದು ನಾವು ಗೊಣಗುತ್ತೇವೆ. ಆ ಸೀಟಿಯ ಹಿಂದೆ ಇಂಥ ಸಾವುಗಳಿವೆ.

ಥಾಮ್ಸನ್‌ಗೆ ಆದಂಥದೇ ಪೆಟ್ಟು, ಬುರುಡೆ ಒಳಕ್ಕೆ ಕುಸಿದ ಪೆಟ್ಟು, 2006ರ ಅಕ್ಟೋಬರ್ 14ರಂದು ಚೆಲ್ಸಿ ಗೋಲ್‌ಕೀಪರ್ ಪೀಟರ್ ಚೆಕ್ ಅವರಿಗೂ ಆಯಿತು. ಅಲ್ಲೂ ಎದುರಾಳಿಯ ಮೊಣಕಾಲೇ. ಶಸ್ತ್ರಚಿಕಿತ್ಸೆಯಾಗಿ ಚೆಕ್ ಉಳಿದರು. ಮೂರು ತಿಂಗಳಲ್ಲಿ ತಲೆಗೆ ಮೆತ್ತನೆಯ ಟೊಪ್ಪಿಗೆ ಧರಿಸಿ ಮೈದಾನಕ್ಕೆ ಮರಳಿದರು. ಆ ಟೊಪ್ಪಿಗೆಯಲ್ಲೇ 2019ರವರೆಗೆ ಆಡಿದರು. ಆ ಘಟನೆಯ ನಂತರ ಇಂಗ್ಲೆಂಡಿನ ಪ್ರೀಮಿಯರ್ ಲೀಗ್, ಪ್ರತಿ ಪಂದ್ಯಕ್ಕೂ ಆಟಗಾರರಿಗೆಂದೇ ಆಂಬುಲೆನ್ಸ್ ನಿಂತಿರಬೇಕು ಎಂದು ಕಟ್ಟುನಿಟ್ಟು ಮಾಡಿತು. ಪೆಟ್ಟು ಅದೇ. ನಡುವಿನ 75 ವರ್ಷಗಳಲ್ಲಿ ವೈದ್ಯವಿದ್ಯೆ ಬೆಳೆದಿತ್ತು. ಅದು ಬೆಳೆದರೆ ಸಾಲದು, ಮೈದಾನದ ಬಾಗಿಲಿಗೆ ಬಂದು ನಿಂತಿರಬೇಕು ಎಂಬುದು ಅಲ್ಲಿಯವರಿಗೆ ಅರ್ಥವಾಗಿತ್ತು.

ಕಂಠೀರವದ ಭಾನುವಾರ

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿ 1–2ರಿಂದ ಸೋತಾಗ ಗೋಲಿನಲ್ಲಿ ನಿಂತವರು ಬೆಂಗಳೂರೂ ಸೇರಿದ್ದ ಮೈಸೂರು ರಾಜ್ಯದ ತಂಡದ ಕೆ.ವಿ. ವರದರಾಜ್. ಭಾರತದ ಏಕೈಕ ಗೋಲು ಹೊಡೆದವರೂ ಮೈಸೂರು ತಂಡದ ಎಸ್. ರಾಮನ್. ಆ ಪಂದ್ಯದ ಮಾತೆತ್ತಿದರೆ ಕೈತಪ್ಪಿದ ಎರಡು ಪೆನಾಲ್ಟಿಗಳನ್ನು ಎಲ್ಲರೂ ನೆನೆಯುತ್ತಾರೆ. 89ನೇ ನಿಮಿಷದವರೆಗೆ ಫ್ರಾನ್ಸನ್ನು 1–1ರಲ್ಲಿ ತಡೆದು ನಿಂತ ಗೋಲ್‌ಕೀಪರನ ಹೆಸರು ಹೇಳುವವರು ಕಡಿಮೆ. ಗೋಲು ಕಾಯುವವನ ಹಣೆಬರಹವೇ ಹಾಗೆ, ತಡೆದದ್ದು ಲೆಕ್ಕಕ್ಕಿಲ್ಲ, ಬಿಟ್ಟದ್ದು ದಾಖಲೆಗೆ ಸೇರುತ್ತದೆ.

ಅದೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2004ರ ಡಿಸೆಂಬರ್ 5ರ ಭಾನುವಾರ ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ, ಕೋಲ್ಕತ್ತದ ಮೋಹನ್ ಬಗಾನ್. ಡೆಂಪೊ ತಂಡದಲ್ಲಿ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್, 25 ವರ್ಷ. ಹಿಂದಿನ ಋತುವಿನಲ್ಲಿ ಈಸ್ಟ್ ಬೆಂಗಾಲ್ ಪರ ರಾಷ್ಟ್ರೀಯ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದಿದ್ದವರು. ಬಗಾನ್ ಗೋಲಿನಲ್ಲಿ ಸುಬ್ರತ ಪಾಲ್, 18 ತುಂಬಲು ಇನ್ನೂ ಕೆಲವು ದಿನ ಬಾಕಿಯಿದ್ದ ಹುಡುಗ.

ಜೂನಿಯರ್ ಒಂದು ಗೋಲು ಹೊಡೆದರು. 78ನೇ ನಿಮಿಷಕ್ಕೆ ಎರಡನೆಯದಕ್ಕೆ ನುಗ್ಗಿದರು. ಗೋಲ್‌ಕೀಪರ್ ಮುಂದೆ ಬಂದರು. ಚೆಂಡು ಗೋಲಿಗೆ ಸೇರಿತು, ಇಬ್ಬರೂ ಡಿಕ್ಕಿಯಾದರು, ಜೂನಿಯರ್ ಕುಸಿದರು. ಜೊತೆಯ ಆಟಗಾರರು ಉಸಿರು ಕೊಡಲು, ಎದೆ ಒತ್ತಲು ಪರದಾಡಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪ್ರಾಣ ಹೋಗಿತ್ತು. ಡೆಂಪೊ 2–0ರಿಂದ ಕಪ್ ಗೆದ್ದಿತ್ತು, ಎರಡೂ ಗೋಲು ಜೂನಿಯರ್ ಅವರವೇ. ಅವರು ತೊಡುತ್ತಿದ್ದ 10ನೇ ಸಂಖ್ಯೆಯ ಅಂಗಿಯನ್ನು ಡೆಂಪೊ ನಿವೃತ್ತಿಗೊಳಿಸಿತು.

ಟಿವಿ ವಾಹಿನಿಗಳಲ್ಲಿ ಆ ಡಿಕ್ಕಿಯ ದೃಶ್ಯ ಮತ್ತೆಮತ್ತೆ ಓಡಿತು. ಪಾಲ್ ಅವರಿಗೆ ಎರಡು ತಿಂಗಳ ಅಮಾನತು. ಮೈದಾನದಲ್ಲಿ ವೈದ್ಯರ, ಸಲಕರಣೆಗಳ ವ್ಯವಸ್ಥೆ ಸಾಲದಾಗಿತ್ತು ಎಂಬ ಟೀಕೆಯೂ ಬಂತು. ಆದರೆ ಹುಡುಗನ ಮುಖ ಜನರ ಕಣ್ಣಲ್ಲಿ ನಿಂತಷ್ಟು ಆ ಟೀಕೆ ನಿಲ್ಲಲಿಲ್ಲ.

ಸ್ಯಾಮ್ ಇಂಗ್ಲಿಷ್‌ಗೆ ಸಿಗದ ಒಂದು ಅದೃಷ್ಟ ಪಾಲ್ ಅವರಿಗೆ ಸಿಕ್ಕಿತು. ಅವರನ್ನು ಮತ್ತೆ ಆಡಲು ಬಿಟ್ಟರು, ನಂಬಿದರು. 2009ರ ನೆಹರೂ ಕಪ್ ಫೈನಲ್‌ನಲ್ಲಿ ಸಿರಿಯಾ ವಿರುದ್ಧದ ಪೆನಾಲ್ಟಿ ಶೂಟೌಟ್‌ನಲ್ಲಿ ಭಾರತವನ್ನು ಗೆಲ್ಲಿಸಿದ್ದು ಅವರ ಕೈಗಳೇ. 2011ರ ಏಷ್ಯಾ ಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು. ಆದರೆ ದಕ್ಷಿಣ ಕೊರಿಯಾ ವಿರುದ್ಧ ಅವರು ತಡೆದ ಚೆಂಡುಗಳನ್ನು ಕಂಡು ‘ಸ್ಪೈಡರ್‌ಮ್ಯಾನ್’ ಎಂಬ ಅಡ್ಡಹೆಸರು ಬಂತು. ಡೆನ್ಮಾರ್ಕ್‌ನ ಕ್ಲಬ್ಬೊಂದು ಕರೆಸಿಕೊಂಡಿತು. 2016ರಲ್ಲಿ ಅರ್ಜುನ ಪ್ರಶಸ್ತಿ ಸಿಕ್ಕಿತು. 2023ರ ಡಿಸೆಂಬರ್‌ನಲ್ಲಿ ನಿವೃತ್ತರಾದರು. ಹದಿನೇಳರ ಹುಡುಗನನ್ನು ಆವತ್ತೇ ಕೈಬಿಟ್ಟಿದ್ದರೆ ಭಾರತ ತನ್ನ ಒಳ್ಳೆಯ ಗೋಲ್‌ಕೀಪರುಗಳಲ್ಲಿ ಒಬ್ಬರನ್ನು ಕಳೆದುಕೊಳ್ಳುತ್ತಿತ್ತು.

ಆಟೊದಲ್ಲಿ ಆಸ್ಪತ್ರೆಗೆ

ಕಂಠೀರವದ ಸಾವಿನಿಂದ ನಾವು ಎಷ್ಟು ಕಲಿತೆವು? ಉತ್ತರ 2012ರ ಮಾರ್ಚ್‌ನಲ್ಲಿ ಸಿಕ್ಕಿತು. ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದ ಲೀಗ್ ಪಂದ್ಯದಲ್ಲಿ ಬೆಂಗಳೂರು ಮಾರ್ಸ್ ತಂಡದ 27 ವರ್ಷದ ಡಿ. ವೆಂಕಟೇಶ್ ಕುಸಿದುಬಿದ್ದರು. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಆಟೊರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ವೆಂಕಟೇಶ್ ಉಳಿಯಲಿಲ್ಲ.

ಅದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ 17ರಂದು, ಲಂಡನ್ನಿನಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬಾ ಪಂದ್ಯದ ನಡುವೆಯೇ ಕುಸಿದಿದ್ದರು. ಅವರ ಹೃದಯ 78 ನಿಮಿಷ ತಾನಾಗಿ ಬಡಿಯಲಿಲ್ಲ. ವೈದ್ಯರು ಮೈದಾನದಲ್ಲೇ ಎದೆ ಒತ್ತಲು ತೊಡಗಿ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ ಬಳಸಿ, ಆಂಬುಲೆನ್ಸ್‌ನಲ್ಲೂ ಅದನ್ನು ಮುಂದುವರಿಸಿದರು. ಮುವಾಂಬಾ ಬದುಕಿದರು. ಒಂದೇ ವಾರದೊಳಗೆ ಎರಡು ದೇಶಗಳಲ್ಲಿ ಇಬ್ಬರು ಯುವಕರು ಬಿದ್ದರು, ಒಬ್ಬರು ಮಾತ್ರ ಎದ್ದರು.

ಇಲ್ಲಿಯ ಲೆಕ್ಕ ಸರಳ. ಹೃದಯ ನಿಂತ ಮೇಲೆ ಏನೂ ಮಾಡದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಸುಮಾರು ಶೇಕಡ 7ರಿಂದ 10ರಷ್ಟು ಇಳಿಯುತ್ತದೆ. ಹತ್ತು ನಿಮಿಷ ಕಳೆದರೆ ಆಸ್ಪತ್ರೆ ಎಷ್ಟು ದೊಡ್ಡದಿದ್ದರೂ ಪ್ರಯೋಜನ ಕಡಿಮೆ.

ನಮ್ಮೂರ ಮೈದಾನಕ್ಕೆ

ಆಳಂದ ತಾಲ್ಲೂಕಿನ ಭೂಸನೂರಿನಂಥ ಊರಿಗೆ ಈ ಲೆಕ್ಕ ಹಾಕಿ ನೋಡಿ. ಸಕ್ಕರೆ ಕಾರ್ಖಾನೆಯಿರುವ ಊರು. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟಿ ಆಳಂದದ ಆಸ್ಪತ್ರೆ ಮುಟ್ಟಬೇಕು, ದೊಡ್ಡ ಆಸ್ಪತ್ರೆಗೆ ಕಲಬುರಗಿಗೇ ಓಡಬೇಕು. ನಮ್ಮ ಕಡೆ ಫುಟ್‌ಬಾಲ್ ಕಡಿಮೆ. ಕಬಡ್ಡಿ, ಖೋಖೋ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್, ಜಾತ್ರೆಯ ಕುಸ್ತಿ ಹೆಚ್ಚು. ಕಬಡ್ಡಿಯಲ್ಲಿ ರೈಡರ್ ಕಾಲಿಗೆ ಬೀಳುವ ಹುಡುಗನ ತಲೆಗೂ ಥಾಮ್ಸನ್ ತಲೆಗೂ ಇರುವ ಅಪಾಯ ಒಂದೇ. ಬೇಸಿಗೆಯಲ್ಲಿ ಎರೆಭೂಮಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಬಿಸಿಲು 40 ಡಿಗ್ರಿ ದಾಟುತ್ತದೆ. ಪಂದ್ಯಾವಳಿಗಳು ಹೆಚ್ಚಾಗಿ ನಡೆಯುವುದೂ ಶಾಲೆ ರಜೆಯ ಆ ದಿನಗಳಲ್ಲೇ.

ಬ್ಯಾನರಿಗೆ, ಟ್ರೋಫಿಗೆ, ಧ್ವನಿವರ್ಧಕಕ್ಕೆ ಪಟ್ಟಿ ಎತ್ತುವ ಸಂಘಟಕರು ಇನ್ನು ನಾಲ್ಕು ಕೆಲಸ ಸೇರಿಸಿಕೊಂಡರೆ ಸಾಕು.

ಒಂದು, ಪಂದ್ಯಾವಳಿಯ ದಿನ, ವೇಳೆ, ಜಾಗವನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಮೊದಲೇ ತಿಳಿಸಿ. 108 ಬರುವವರೆಗೆ ಕಾಯುವ ಬದಲು ಹೊರಡಲು ಸಿದ್ಧವಿರುವ ಒಂದು ಕಾರನ್ನು, ಚಾಲಕನ ಸಮೇತ, ಮೈದಾನದ ಬದಿಗೆ ನಿಲ್ಲಿಸಿ.

ಎರಡು, ಎದೆ ಒತ್ತುವುದನ್ನು ಕನಿಷ್ಠ ನಾಲ್ಕು ಮಂದಿ ಕಲಿತಿರಲಿ. ಬಿದ್ದವನಿಗೆ ಪ್ರಜ್ಞೆಯಿಲ್ಲ, ಉಸಿರಾಟ ಸರಿಯಿಲ್ಲ ಎಂದಾದರೆ ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಮುಖಕ್ಕೆ ನೀರೆರಚುತ್ತ, ಸುತ್ತ ಗುಂಪು ಕಟ್ಟುತ್ತ ಕಳೆಯುವ ನಿಮಿಷಗಳೇ ಪ್ರಾಣದ ನಿಮಿಷಗಳು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ಮೊದಲ ಚಿಕಿತ್ಸೆ ಕೊಡುವ ವ್ಯವಸ್ಥೆ ರೂಪುಗೊಂಡಿದೆ, ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ ಶಾಖೆಯೂ ಇದೆ. ಆದರೆ ಅಲ್ಲಿಯವರೆಗೆ ಜೀವ ಹಿಡಿದಿಡುವುದು ಮೈದಾನದಲ್ಲಿರುವವರ ಕೈಯಲ್ಲಿದೆ.

ಮೂರು, ತಲೆಗೆ ಪೆಟ್ಟು ಬಿದ್ದ ಆಟಗಾರ ಎಷ್ಟೇ ಹಟ ಹಿಡಿದರೂ ಅವತ್ತು ಮತ್ತೆ ಆಡಿಸಬೇಡಿ. ವಾಂತಿ, ತಲೆಸುತ್ತು, ಮಂಪರು, ಹೇಳಿದ್ದನ್ನೇ ಹೇಳುವುದು ಕಂಡರೆ ಮನೆಗೆ ಕಳಿಸದೆ ನೇರ ಆಸ್ಪತ್ರೆಗೆ ಒಯ್ಯಿರಿ. ಜಿಮ್ಮಿ ಥಾರ್ಪ್ ಕೂಡ ಪಂದ್ಯ ಮುಗಿಸಿ ಮನೆಗೆ ಹೋಗಿದ್ದ. ತಲೆಗೆ ಪೆಟ್ಟಾದವನ ಜಾಗಕ್ಕೆ ಹೆಚ್ಚುವರಿ ಬದಲಿ ಆಟಗಾರನನ್ನು ಕೊಡುವ ಅವಕಾಶ 2024ರಿಂದ ಫುಟ್‌ಬಾಲ್ ನಿಯಮ ಪುಸ್ತಕದಲ್ಲೇ ಇದೆ. ಹಳ್ಳಿ ಪಂದ್ಯಾವಳಿಯ ನಿಯಮಗಳಲ್ಲೂ ಒಂದು ಸಾಲು ಬರೆದುಕೊಳ್ಳಬಹುದು.

ನಾಲ್ಕು, ಡಿಕ್ಕಿಯಲ್ಲಿ ಎದುರಿಗಿದ್ದ ಹುಡುಗನನ್ನು ಗುಂಪಿನ ಕೈಗೆ ಕೊಡಬೇಡಿ. ಅವನ ಹೆಗಲ ಮೇಲೆ ಹಿರಿಯರೊಬ್ಬರ ಕೈ ಇರಲಿ. ಆ ಕ್ಷಣದ ವಿಡಿಯೊವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ಮಾಡಬಾರದ್ದನ್ನು ಬೇಕೆಂದೇ ಮಾಡಿದ್ದರೆ ಅದನ್ನು ವಿಚಾರಿಸಲು ವ್ಯವಸ್ಥೆ ಇದೆ, ಸಮಯವೂ ಇದೆ.

ಮುಂದಿನ ಪಂದ್ಯಾವಳಿಯ ಕರಪತ್ರದಲ್ಲಿ ಪ್ರವೇಶ ಶುಲ್ಕ, ಬಹುಮಾನದ ಮೊತ್ತದ ಕೆಳಗೆ ‘ಮೈದಾನದಲ್ಲಿ ಪ್ರಥಮ ಚಿಕಿತ್ಸೆ ಹಾಗೂ ವಾಹನದ ವ್ಯವಸ್ಥೆ ಇದೆ’ ಎಂಬ ಸಾಲು ಅಚ್ಚಾಗಲಿ. ಆ ಸಾಲು ಇಲ್ಲದ ಪಂದ್ಯಾವಳಿಗೆ ನಿಮ್ಮ ಮಕ್ಕಳನ್ನು ಕಳಿಸಬೇಡಿ.